ಎಂಬಿಬಿಎಸ್ ಎರಡನೇ ವರ್ಷದಲ್ಲಿ ಕಣ್ಣಿನ ಸಂಶೋಧನೆ: ಎಲ್ಲಿಂದ ಶುರು ಮಾಡಲಿ?

ವರದಾತೀರ ಕೇಳಿದ್ದು:

ನಮಸ್ಕಾರ. ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಎರಡನೇ ವರ್ಷದಲ್ಲಿದ್ದೇನೆ. ಊರು ಹಾವೇರಿ ಜಿಲ್ಲೆ, ಮನೆಯಲ್ಲಿ ಮೆಕ್ಕೆಜೋಳ, ಸ್ವಲ್ಪ ಹತ್ತಿ. ಮುಂದೆ ನೇತ್ರ ವಿಭಾಗಕ್ಕೇ ಹೋಗಬೇಕೆಂಬ ಆಸೆ ಗಟ್ಟಿಯಾಗಿದೆ. ಅದಕ್ಕೆ ಈಗಲೇ ಯಾವುದಾದರೂ ಸಂಶೋಧನೆಯಲ್ಲಿ ಸೇರಿಕೊಳ್ಳಬೇಕು ಎಂದುಕೊಂಡಿದ್ದೇನೆ.

ನಮ್ಮಲ್ಲಿ ಪ್ರಯೋಗಾಲಯ ಎಂದರೆ ರಕ್ತ, ಮೂತ್ರ ಪರೀಕ್ಷೆಯದು ಮಾತ್ರ. ಜೀನು, ಕಾಂಡಕೋಶದ ಸುದ್ದಿಯೇ ಇಲ್ಲ. ವಿಭಾಗದ ಹಿರಿಯರೊಬ್ಬರನ್ನು ಕೇಳಿದರೆ, "ಮೊದಲು ಪಾಸಾಗಮ್ಮ, ಸಂಶೋಧನೆಯನ್ನು ಪೀಜಿಗೆ ಬಂದ ಮೇಲೆ ನೋಡೋಣ" ಎಂದು ನಕ್ಕು ಕಳಿಸಿದರು. ರಜೆಯಲ್ಲಿ ಬೆಂಗಳೂರಿನ ದೊಡ್ಡ ಕಣ್ಣಿನ ಆಸ್ಪತ್ರೆ ಯಾವುದಕ್ಕಾದರೂ ಹೋಗಿ ಕೆಲಸ ಕಲಿಯಬಹುದೇ? ಗೆಳತಿಯೊಬ್ಬಳು ಒಂದು ಜಾಹೀರಾತು ತೋರಿಸಿದಳು: 8,000 ರೂಪಾಯಿಗೆ ಲೇಖನದಲ್ಲಿ ಮೂರನೇ ಹೆಸರು, 12,000ಕ್ಕೆ ಎರಡನೇ ಹೆಸರು, ಪ್ರಕಟಣೆ ಖಚಿತ. ಅವಳು ದುಡ್ಡು ಹೊಂದಿಸುತ್ತಿದ್ದಾಳೆ.

ನನ್ನದೇ ಒಂದು ಯೋಚನೆಯೂ ಇದೆ. ಅಪ್ಪು ಅವರು ತೀರಿಕೊಂಡ ಮೇಲೆ ನಮ್ಮ ಊರಲ್ಲೂ ಬಹಳ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಕಾಲೇಜಿನ ವಿದ್ಯಾರ್ಥಿಗಳಲ್ಲಿ ನೇತ್ರದಾನದ ಅರಿವು ಎಷ್ಟಿದೆ ಎಂದು ಗೂಗಲ್ ಫಾರಂ ಕಳಿಸಿ ಸಮೀಕ್ಷೆ ಮಾಡಿದರೆ ಹೇಗೆ?

---

ಸ್ಲಿಟ್‌ಲ್ಯಾಂಪ್ ಮೇಷ್ಟ್ರು ಉತ್ತರಿಸಿದ್ದು:

ಜಿಲ್ಲಾ ಕೇಂದ್ರವೊಂದರ ವೈದ್ಯಕೀಯ ಕಾಲೇಜಿನಲ್ಲಿ ನೇತ್ರ ವಿಭಾಗದಲ್ಲಿ ಪಾಠ ಮಾಡುವವನು ನಾನು. ಮೊದಲು ಆ ಜಾಹೀರಾತಿನ ವ್ಯವಹಾರ ಮುಗಿಸಿಬಿಡೋಣ. ಗೆಳತಿಗೆ ದುಡ್ಡು ವಾಪಸ್ ಇಟ್ಟುಕೊಳ್ಳಲು ಹೇಳಿ. ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಪ್ರಕಾರ ಲೇಖಕ ಎನಿಸಿಕೊಳ್ಳಲು ನಾಲ್ಕು ಷರತ್ತುಗಳಿವೆ: ಅಧ್ಯಯನದಲ್ಲಿ ನಿಜವಾದ ಪಾಲು ಇರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈ ಇರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ನಾಳೆ ಯಾರಾದರೂ ಪ್ರಶ್ನಿಸಿದರೆ ಹೊಣೆ ಹೊರಬೇಕು. ನಾಲ್ಕೂ ಬೇಕು, ಮೂರು ಸಾಲದು. ದುಡ್ಡು ಕೊಟ್ಟು ಹೆಸರು ಹಾಕಿಸಿಕೊಂಡವಳಿಗೆ ಕೊನೆಯ ಷರತ್ತೇ ಉರುಳಾಗುತ್ತದೆ. ಅಂಕಿಅಂಶ ಕಟ್ಟುಕತೆ ಎಂದು ಬಯಲಾದ ದಿನ ಆ ಅಂಗಡಿಯವನು ಫೋನ್ ಎತ್ತುವುದಿಲ್ಲ.

ನೇತ್ರದಾನದ ಅರಿವಿನ ಸಮೀಕ್ಷೆ ಬೇಡ ಎಂದರೆ ಬೇಸರಿಸಿಕೊಳ್ಳಬೇಡಿ. ಇಂಥ ಸಮೀಕ್ಷೆಗಳು ದೇಶದ ಎಷ್ಟೋ ಕಾಲೇಜುಗಳಲ್ಲಿ ಆಗಿವೆ, ಉತ್ತರವೂ ಹೆಚ್ಚುಕಡಿಮೆ ಒಂದೇ: ಗೊತ್ತಿದೆ ಎನ್ನುವವರು ಬಹಳ, ಹೆಸರು ಬರೆಸಿದವರು ಕಡಿಮೆ. 2006ರಲ್ಲಿ ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್‌ನಲ್ಲಿ ಪುನೀತ್ ಅವರ ಎರಡು ಕಾರ್ನಿಯಾಗಳನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆ) ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ನಾಲ್ವರಿಗೆ ಜೋಡಿಸಿದರು. ಕರ್ನಾಟಕದಲ್ಲಿ ಇದನ್ನು ಕೇಳದವರು ಯಾರಿದ್ದಾರೆ? ಅರಿವು ಅಳೆಯುವುದರಿಂದ ಹೊಸದೇನೂ ಸಿಗುವುದಿಲ್ಲ. ಕಾರ್ನಿಯಾವನ್ನು ಸಾವಿನ ನಂತರ ಸಾಮಾನ್ಯವಾಗಿ ಆರು ಗಂಟೆಯೊಳಗೆ ತೆಗೆಯಬೇಕು. ನಿಮ್ಮ ಆಸ್ಪತ್ರೆಯಲ್ಲಿ ಕಳೆದ ತಿಂಗಳು ತೀರಿಕೊಂಡವರಲ್ಲಿ ಎಷ್ಟು ಮನೆಯವರನ್ನು ಯಾರಾದರೂ ಒಂದು ಮಾತು ಕೇಳಿದರು? ಕೇಳಲಿಲ್ಲವಾದರೆ ಏಕೆ? ರಾತ್ರಿ ಪಾಳಿಯಲ್ಲಿ ಕೇಳುವವರು ಯಾರು? ಇದನ್ನು ಹುಡುಕಿದರೆ ಉಪಯೋಗವಿದೆ. ಗೂಗಲ್ ಫಾರಂ ಅದನ್ನು ಹೇಳುವುದಿಲ್ಲ, ವಾರ್ಡಿನ ಮರಣ ದಾಖಲೆ ಹೇಳುತ್ತದೆ.

ಆದರೆ ನಿಮಗೆ ನಾನು ಸೂಚಿಸುವ ವಿಷಯ ಬೇರೆ. ಮನೆಯಲ್ಲಿ ಮೆಕ್ಕೆಜೋಳ ಎಂದು ಬರೆದಿದ್ದೀರಿ, ಅದನ್ನೇ ಹಿಡಿಯಿರಿ.

ಜೋಳದ ಎಲೆಯ ಅಂಚು ಎಷ್ಟು ಹರಿತ ಎಂದು ನಿಮಗೆ ಹೇಳಬೇಕಿಲ್ಲ. ಕೊಯ್ಯುವಾಗ ಅದು ಕಣ್ಣಿಗೆ ಸವರಿಕೊಂಡು ಹೋದರೆ ಕಾರ್ನಿಯಾದ ಮೇಲ್ಪದರ ಕಿತ್ತುಬರುತ್ತದೆ. ಎಲೆಯ ಮೇಲೆ, ಮಣ್ಣಿನಲ್ಲಿ ಇರುವ ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳಿಗೆ ಅಷ್ಟು ಸಂದು ಸಾಕು. ಎರಡು ಮೂರು ದಿನ ಬರೀ ಕೆಂಪು, ನೀರು ಸೋರುವುದು. ಆಮೇಲೆ ಕರಿಗುಡ್ಡೆಯ ಮೇಲೆ ಬೂದುಬಿಳಿ ಚುಕ್ಕೆ, ಅಂಚು ಗರಿಗರಿಯಾಗಿ ಹರಡಿದಂತೆ. ಹುಣ್ಣನ್ನು ಕೆರೆದು ಗಾಜಿನ ಪಟ್ಟಿಯ ಮೇಲೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಇದಕ್ಕೆ ಕೋಟಿ ರೂಪಾಯಿಯ ಲ್ಯಾಬು ಬೇಡ, ನಿಮ್ಮ ಸೂಕ್ಷ್ಮಜೀವಿ ವಿಭಾಗದಲ್ಲಿ ಈಗಲೇ ಆಗುತ್ತಿರುತ್ತದೆ. ಚಿಕಿತ್ಸೆಯ ಪ್ರಶ್ನೆಯನ್ನು ದೊಡ್ಡವರು ಆಗಲೇ ಕೆದಕಿದ್ದಾರೆ. ದಕ್ಷಿಣ ಭಾರತದ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶಿಲೀಂಧ್ರ ಕೊಲ್ಲುವ ನಾಟಾಮೈಸಿನ್ ಹನಿ, ಹೊಸದಾದ ವೊರಿಕೊನಜೋಲ್ ಹನಿಗಿಂತ ಚೆನ್ನಾಗಿ ಕೆಲಸ ಮಾಡಿತು, ಫ್ಯುಸೇರಿಯಂ ಹುಣ್ಣಿನಲ್ಲಂತೂ ವ್ಯತ್ಯಾಸ ಎದ್ದು ಕಂಡಿತು. ಅಂಥ ಪ್ರಯೋಗ ನೀವು ಮಾಡಲಾರಿರಿ, ನಾನೂ ಮಾಡಲಾರೆ.

ಉಳಿದಿರುವ ಪ್ರಶ್ನೆ ಹೊಲಕ್ಕೂ ಆಸ್ಪತ್ರೆಗೂ ನಡುವೆ ಇದೆ. ಕಣ್ಣಿಗೆ ಎಲೆ ಹೊಡೆದ ದಿನದಿಂದ ನಮ್ಮ ಒಪಿಡಿಗೆ ಬಂದ ದಿನದವರೆಗೆ ಆ ಮನುಷ್ಯ ಎಲ್ಲೆಲ್ಲಿ ಹೋದ, ಕಣ್ಣಿಗೆ ಏನೇನು ಹಾಕಿದ?

"ಏನಾದರೂ ಹಾಕಿದ್ದಿರಾ?" ಎಂದು ಕೇಳಿದರೆ "ಏನೂ ಇಲ್ಲ ಸರ್" ಎನ್ನುತ್ತಾರೆ. ಬೈಯುತ್ತಾರೆ ಎಂಬ ಭಯ. ಪಕ್ಕದಲ್ಲಿರುವ ಹೆಂಡತಿಯನ್ನು ನೋಡಿ, "ಚೀಲದಲ್ಲಿ ಬಾಟಲಿ ಇದ್ದರೆ ಕೊಡಮ್ಮ, ಅದೇ ಮುಂದುವರಿಸಬಹುದೇನೋ ನೋಡೋಣ" ಎನ್ನಿ. ಬುತ್ತಿಯ ಡಬ್ಬಿಯ ಕೆಳಗಿನಿಂದ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಸಣ್ಣ ಬಾಟಲಿ ಹೊರಬರುತ್ತದೆ. ಹೆಸರಿನ ಚೀಟಿ ಅರ್ಧ ಅಳಿಸಿದೆ, ಬೆಳಕಿಗೆ ಹಿಡಿದರೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್. ಊರಿನ ಔಷಧಿ ಅಂಗಡಿಯವನು "ಕೆಂಪು ಹೋಗುತ್ತದೆ" ಎಂದು ಕೊಟ್ಟದ್ದು. ಕೆಂಪು ಹೋಗುವುದು ನಿಜ, ನೋವೂ ತಗ್ಗುತ್ತದೆ, ಒಳಗೆ ಶಿಲೀಂಧ್ರ ಮಾತ್ರ ನಿರಾತಂಕವಾಗಿ ಬೆಳೆಯುತ್ತದೆ. ಕೆಲವರು ಎದೆಹಾಲು, ಸೊಪ್ಪಿನ ರಸ ಹಿಂಡಿಕೊಂಡೂ ಬಂದಿರುತ್ತಾರೆ. ಈ ವಿವರ ಕೇಸ್ ಶೀಟಿಗೆ ಏರುವುದೇ ಇಲ್ಲ, ಬೆಳಗಿನ ನೂಕುನುಗ್ಗಲಿನಲ್ಲಿ ಕೇಳಲು ನಮಗೆ ಬಿಡುವಿಲ್ಲ. ನಿಮಗೆ ಬಿಡುವಿದೆ, ಅವರ ಮಾತೂ ಬರುತ್ತದೆ. ಬೆಂಗಳೂರಿನ ಲ್ಯಾಬಿನಲ್ಲಿ ಒಂದು ತಿಂಗಳು ಪಿಪೆಟ್ ಹಿಡಿದು ನಿಂತರೆ ನೀವು ಹತ್ತರಲ್ಲಿ ಹನ್ನೊಂದನೆಯವರು. ಇಲ್ಲಿ ಈ ಕೆಲಸಕ್ಕೆ ನಿಮ್ಮಷ್ಟು ತಕ್ಕವರು ವಿಭಾಗದಲ್ಲಿ ಬೇರೆ ಯಾರೂ ಇರಲಾರರು.

ಇನ್ನು ದಾರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಿಂದ ನಡೆಸುತ್ತಿರುವ ಅಲ್ಪಾವಧಿ ವಿದ್ಯಾರ್ಥಿ ಯೋಜನೆ ಇದೆ. ಎಸ್‌ಟಿಎಸ್ ಎಂದೇ ಎಲ್ಲರೂ ಕರೆಯುವುದು. ಎರಡು ತಿಂಗಳ ಕೆಲಸ, ಮಾರ್ಗದರ್ಶಕರು ನಿಮ್ಮದೇ ಕಾಲೇಜಿನ ಅಧ್ಯಾಪಕರಾಗಿರಬೇಕು, ಒಬ್ಬ ಅಧ್ಯಾಪಕರಿಗೆ ಒಬ್ಬನೇ ವಿದ್ಯಾರ್ಥಿ. ಆದ್ದರಿಂದ ಚೆನ್ನಾಗಿ ಕೆಲಸ ಮಾಡಿಸುವವರನ್ನು ಬೇರೆಯವರು ಕೇಳುವ ಮೊದಲೇ ನೀವು ಕೇಳಬೇಕು. ವರದಿ ಒಪ್ಪಿಗೆಯಾದ ಮೇಲಷ್ಟೇ ಗೌರವಧನ ಮತ್ತು ಪ್ರಮಾಣಪತ್ರ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಪದವಿ ವಿದ್ಯಾರ್ಥಿಗಳ ಯೋಜನೆಗೆ ಅನುದಾನ ಕೊಡುತ್ತದೆ. ಅರ್ಹತೆಯ ನಿಯಮಗಳನ್ನು ಆಯಾ ವರ್ಷದ ಸುತ್ತೋಲೆಯಲ್ಲಿ ಓದಿಕೊಳ್ಳಿ, ಹಿರಿಯರ ಬಾಯಿಮಾತು ನಂಬಬೇಡಿ.

ನಕ್ಕು ಕಳಿಸಿದ ಹಿರಿಯರ ಬಳಿಗೇ ಮತ್ತೆ ಹೋಗಿ, ಆದರೆ ಬರಿಗೈಯಲ್ಲಿ ಬೇಡ. "ಸಂಶೋಧನೆ ಮಾಡಬೇಕು ಸರ್" ಎನ್ನುವವರಿಗೆ ನಾವು ಏನು ಕೊಡಲು ಸಾಧ್ಯ? ಒಂದು ಹಾಳೆಯಲ್ಲಿ ಪ್ರಶ್ನೆ, ಯಾರನ್ನು ಸೇರಿಸಿಕೊಳ್ಳುತ್ತೀರಿ, ಏನು ಕೇಳುತ್ತೀರಿ, ಎಷ್ಟು ಜನ ಎಂದು ಬರೆದುಕೊಂಡು ಹೋಗಿ. ಎಷ್ಟು ಜನ ಎಂಬುದಕ್ಕೆ ಸಮುದಾಯ ವೈದ್ಯಶಾಸ್ತ್ರದಲ್ಲಿ ಕಲಿತ ಸೂತ್ರವೇ ಸಾಕು: ನಾಲ್ಕು ಪಿಕ್ಯೂ ಭಾಗಿಸು ಡಿ ವರ್ಗ. ಪಿ ಎಂದರೆ ಊಹಿಸಿದ ಶೇಕಡಾ, ಕ್ಯೂ ಎಂದರೆ ನೂರರಲ್ಲಿ ಉಳಿದದ್ದು, ಡಿ ಎಂದರೆ ಒಪ್ಪಬಹುದಾದ ಆಚೀಚೆ. ಅರ್ಧದಷ್ಟು ಜನ ಸ್ಟಿರಾಯ್ಡ್ ಹನಿ ಹಾಕಿರಬಹುದು ಎಂದು ಊಹಿಸಿ, 10% ಆಚೀಚೆ ಇರಲಿ ಎಂದರೆ 100 ರೋಗಿಗಳು ಬೇಕು. ಎರಡು ತಿಂಗಳಲ್ಲಿ ನಿಮ್ಮ ಆಸ್ಪತ್ರೆಗೆ 100 ಹುಣ್ಣು ಬರುತ್ತವೆಯೇ? ಕಳೆದ ವರ್ಷದ ಒಪಿಡಿ ರಿಜಿಸ್ಟರ್ ತೆಗೆಸಿ ಎಣಿಸಿ. ಬಾರದಿದ್ದರೆ ಪ್ರಶ್ನೆಯನ್ನು ಚಿಕ್ಕದು ಮಾಡಿ ಅಥವಾ ಸುಗ್ಗಿಗಿಂತ ಮೊದಲೇ ಶುರು ಮಾಡಿ.

ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಬ್ಬ ರೋಗಿಯನ್ನೂ ಪ್ರಶ್ನಿಸಬೇಡಿ. ಸಮಿತಿ ಬೇಕೆಂದಾಗ ಕೂಡುವುದಿಲ್ಲ, ಮುಂದಿನ ಸಭೆ ಯಾವಾಗ ಎಂದು ಇವತ್ತೇ ವಿಚಾರಿಸಿ. ಹಳೆಯ ಕೇಸ್ ಶೀಟು ಮಾತ್ರ ನೋಡುತ್ತೇನೆ ಎಂದರೂ ಅವರ ಮುಂದೆ ಹೋಗಲೇಬೇಕು. ಸಮ್ಮತಿ ಪತ್ರ ಕನ್ನಡದಲ್ಲಿರಲಿ, "ಪ್ರತಿಕೂಲ ಪರಿಣಾಮಗಳು ಸಂಭವಿಸಿದಲ್ಲಿ" ಎಂಬ ಸರ್ಕಾರಿ ಕನ್ನಡದಲ್ಲಿ ಬೇಡ. ನಿಮ್ಮ ಅಜ್ಜಿಗೆ ಓದಿ ಹೇಳಿ, ಆಕೆಗೆ ತಿಳಿಯದ ಸಾಲು ಹೊಡೆದುಹಾಕಿ.

---

ರ‍್ಯಾಂಕ್ ಮುಖ್ಯ ಉತ್ತರಿಸಿದ್ದು:

ಎಲ್ಲವೂ ಚೆಂದ. ಆದರೆ ನೀಟ್ ಪೀಜಿಯಲ್ಲಿ ಇದಕ್ಕೆ ಒಂದು ಅಂಕವೂ ಇಲ್ಲ ಎಂದು ಯಾರೂ ಹೇಳುತ್ತಿಲ್ಲವಲ್ಲ. ಎರಡು ತಿಂಗಳು ರಿಜಿಸ್ಟರ್ ತಿರುವಿ ಹಾಕುವ ಬದಲು ರೋಗಶಾಸ್ತ್ರ, ಔಷಧಶಾಸ್ತ್ರ ಓದಿದರೆ ನೇತ್ರ ವಿಭಾಗದ ಸೀಟಾದರೂ ಸಿಕ್ಕೀತು.

---

ಸ್ಲಿಟ್‌ಲ್ಯಾಂಪ್ ಮೇಷ್ಟ್ರು ಉತ್ತರಿಸಿದ್ದು:

ಅಂಕ ಇಲ್ಲ ಎಂಬುದು ಸತ್ಯ. ಸೀಟಿಗಾಗಿ ಸಂಶೋಧನೆ ಮಾಡುವುದಾದರೆ ನಿಮ್ಮ ಮಾತನ್ನೇ ಕೇಳಲಿ. ಪರೀಕ್ಷೆಗೆ ಮೂರು ತಿಂಗಳಿರುವಾಗ ಇದಕ್ಕೆ ಕೈ ಹಾಕಬೇಡಿ ಎಂದು ನಾನೂ ಹೇಳುತ್ತೇನೆ.

---

ಬಾಣಂತಿ ವಾರ್ಡಿನ ಪೀಜಿ ಉತ್ತರಿಸಿದ್ದು:

ತಂಗಿ, ಬೆಂಗಳೂರಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಈಗ ಮಕ್ಕಳ ವಿಭಾಗದಲ್ಲಿ ಎರಡನೇ ವರ್ಷದ ಪೀಜಿ, ಎಂಬಿಬಿಎಸ್‌ನಲ್ಲಿ ಎಸ್‌ಟಿಎಸ್ ಮಾಡಿದ್ದೆ. ಮಿಂಟೊ ಕಣ್ಣಿನ ಆಸ್ಪತ್ರೆ ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ್ದು, ಅಲ್ಲಿನ ವಿದ್ಯಾರ್ಥಿಗಳಿಗೆ ಅದು ಮನೆಯಂಗಳ. ಹೊರಗಿನವರು ಹೋಗಬೇಕೆಂದರೆ ನಿಮ್ಮ ಪ್ರಾಂಶುಪಾಲರ ಪತ್ರ, ಅಲ್ಲಿನ ಅಧ್ಯಾಪಕರ ಒಪ್ಪಿಗೆ ಎರಡೂ ಬೇಕಾಗುತ್ತವೆ. ಖಾಸಗಿ ಸಂಸ್ಥೆಗಳಿಗೆ ಬರೆಯುವುದಾದರೆ "ಗೌರವಾನ್ವಿತ ಸರ್, ನಿಮ್ಮ ಯಾವುದಾದರೂ ಯೋಜನೆಯಲ್ಲಿ" ಎಂಬ ಪತ್ರವನ್ನು ಇಪ್ಪತ್ತು ಜನರಿಗೆ ಒಟ್ಟಿಗೆ ಕಳಿಸಬೇಡಿ. ಒಬ್ಬರ ಒಂದು ಪ್ರಬಂಧವನ್ನು ಪೂರ್ತಿ ಓದಿ, ಅದರಲ್ಲಿ ಅರ್ಥವಾಗದ ಒಂದು ವಿಷಯ ಕೇಳಿ ಬರೆಯಿರಿ. ಅಂಥ ಪತ್ರಕ್ಕೆ ಉತ್ತರ ಬರುವುದುಂಟು.

ಸರ್ ಹೇಳಿದ ಹುಣ್ಣಿನ ಜೊತೆಗೆ ಇನ್ನೊಂದನ್ನೂ ಯೋಚಿಸಿ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರದಲ್ಲಿ, ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಕೆಲವರಲ್ಲಿ ಅವು ಅಡ್ಡಾದಿಡ್ಡಿ ಬೆಳೆದು ರೆಟಿನಾ ಕಳಚಿಕೊಂಡು ಮಗು ಕುರುಡಾಗುತ್ತದೆ. ಆರ್‌ಒಪಿ ಎನ್ನುತ್ತೇವೆ. ನಮ್ಮ ದೇಶದ ನಿಯಮದಂತೆ 2,000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಮಗುವಿನ ಕಣ್ಣನ್ನು 30 ದಿನದೊಳಗೆ ನೋಡಬೇಕು, ಇನ್ನೂ ಚಿಕ್ಕ ಮಕ್ಕಳನ್ನು ಎರಡು ಮೂರು ವಾರದಲ್ಲೇ. ಇದನ್ನು ಜಿಲ್ಲೆಗಳಿಗೆ ತಲುಪಿಸಿದ್ದರಲ್ಲಿ ಕರ್ನಾಟಕಕ್ಕೇ ಹೆಸರಿದೆ: 2008ರಲ್ಲಿ ನಾರಾಯಣ ನೇತ್ರಾಲಯ ಶುರು ಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ನವಜಾತ ಶಿಶು ಘಟಕಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡಿ ವರದಿ ಕೊಡುತ್ತಾರೆ.

ತಜ್ಞರಿದ್ದಾರೆ, ಯಂತ್ರವಿದೆ, ಆದರೂ ಮಗು ತಪ್ಪಿಹೋಗುತ್ತದೆ. ನಮ್ಮ ಘಟಕದಲ್ಲಿ ನಾನು ಕಾಣುವ ಒಂದು ಕಾರಣ ಬಾಣಂತನ. ಬಿಡುಗಡೆ ಚೀಟಿಯಲ್ಲಿ ಗಂಡನ ಮನೆಯ ವಿಳಾಸ, ಗಂಡನ ಫೋನ್ ಸಂಖ್ಯೆ. ತಾಯಿ ಮಗು ತವರಿಗೆ, ಎಷ್ಟೋ ಸಲ ಬೇರೆ ಜಿಲ್ಲೆಗೆ. ನರ್ಸಮ್ಮ ಫೋನ್ ಮಾಡಿದರೆ ಗಂಡ "ಮಗು ಚೆನ್ನಾಗಿದೆ" ಎಂದು ಇಟ್ಟುಬಿಡುತ್ತಾನೆ. ಮೂವತ್ತನೇ ದಿನ ಕಳೆದೇ ಹೋಗುತ್ತದೆ. ಅರ್ಹ ಮಕ್ಕಳಲ್ಲಿ ಎಷ್ಟು ಮಂದಿ ಸಮಯಕ್ಕೆ ತಪಾಸಣೆಗೆ ಬಂದರು, ತವರಿನ ಸಂಖ್ಯೆ ಬರೆದುಕೊಂಡಿದ್ದವರಲ್ಲಿ ಹೆಚ್ಚೇ? ರಿಜಿಸ್ಟರ್ ಮತ್ತು ಫೋನ್ ಇದ್ದರೆ ಸಾಕು, ಮಗುವನ್ನು ಮುಟ್ಟಬೇಕಾಗಿಯೂ ಇಲ್ಲ.

---

ಕೋಡ್ ಕಂಪೌಂಡರ್ ಉತ್ತರಿಸಿದ್ದು:

ಕೃತಕ ಬುದ್ಧಿಮತ್ತೆಯ ಕಡೆ ಒಲವಿದ್ದರೆ, ರೆಟಿನಾದ ಚಿತ್ರ ನೋಡಿ ರೋಗ ಗುರುತಿಸಲು ಕಂಪ್ಯೂಟರಿಗೆ ಕಲಿಸುವ ಕೆಲಸವನ್ನು ಹಾಸ್ಟೆಲ್ ಕೋಣೆಯಿಂದಲೇ ಮಾಡಬಹುದು. ನಾಂದೇಡಿನ ಕಣ್ಣಿನ ಚಿಕಿತ್ಸಾಲಯವೊಂದರಿಂದ ಬಂದ ಐಡಿಆರ್‌ಐಡಿ ಸಂಗ್ರಹದಲ್ಲಿ ಮಧುಮೇಹಿಗಳ ರೆಟಿನಾದ 516 ಚಿತ್ರಗಳಿವೆ. ಅವುಗಳಲ್ಲಿ 81ಕ್ಕೆ ರಕ್ತದ ಚುಕ್ಕೆ, ಕೊಬ್ಬಿನ ಕಲೆ ಎಲ್ಲೆಲ್ಲಿ ಎಂದು ಗೆರೆ ಎಳೆದು ಗುರುತು ಮಾಡಿಟ್ಟಿದ್ದಾರೆ. ಅರವಿಂದದ ಚಿತ್ರಗಳು 2019ರ ಸ್ಪರ್ಧೆಯೊಂದರ ಮೂಲಕ ಸಾರ್ವಜನಿಕವಾಗಿವೆ, ತರಬೇತಿಗೆಂದೇ 3,662. ಗೂಗಲ್‌ನವರು 2016ರಲ್ಲಿ ಪ್ರಕಟಿಸಿದ ಹೆಸರುವಾಸಿ ಅಧ್ಯಯನದ ಚಿತ್ರಗಳಲ್ಲೂ ಅರವಿಂದ, ಶಂಕರ ನೇತ್ರಾಲಯ, ನಾರಾಯಣ ನೇತ್ರಾಲಯದ ಪಾಲಿತ್ತು. ಎಂಜಿನಿಯರಿಂಗ್ ಓದುವ ಗೆಳೆಯನೊಬ್ಬ ಜೊತೆಗಿರಲಿ.

---

ಸ್ಲಿಟ್‌ಲ್ಯಾಂಪ್ ಮೇಷ್ಟ್ರು ಉತ್ತರಿಸಿದ್ದು:

ಕಂಪೌಂಡರ್ ಅವರೇ, ಒಪ್ಪಿದೆ. ಒಂದೇ ತಕರಾರು. ಅದೇ ಚಿತ್ರಗಳ ಮೇಲೆ ಇನ್ನೊಂದು ಕಂಪ್ಯೂಟರ್ ಪ್ರೋಗ್ರಾಂ ಓಡಿಸಿ 96ರ ಬದಲು 97 ಶೇಕಡಾ ಬಂತು ಎಂದು ಬರೆಯುವವರು ದಂಡಿಯಾಗಿದ್ದಾರೆ. ವೈದ್ಯ ವಿದ್ಯಾರ್ಥಿ ಆ ಜೋಡಿಯಲ್ಲಿ ಇರಬೇಕಾದದ್ದು ಯಂತ್ರ ತಪ್ಪಿದ ಚಿತ್ರಗಳನ್ನು ಒಂದೊಂದಾಗಿ ತೆರೆದು ಏಕೆ ತಪ್ಪಿತು ಎಂದು ಹೇಳುವುದಕ್ಕೆ: ಪೊರೆ ಇದ್ದು ಚಿತ್ರ ಮಸುಕಾಗಿತ್ತೇ, ಪಾಪೆ ಚಿಕ್ಕದಿತ್ತೇ?

ಎಲ್ಲರಿಗೂ ಬೇಕಾದ ಎರಡು ಮಾತು. ಎಕ್ಸೆಲ್‌ನಲ್ಲಿ ದೃಷ್ಟಿ 6/12 ಎಂದು ತುಂಬಿದರೆ ಅದು ಸದ್ದಿಲ್ಲದೆ ಡಿಸೆಂಬರ್ 6 ಆಗುತ್ತದೆ, 6/9 ಸೆಪ್ಟೆಂಬರ್ 6 ಆಗುತ್ತದೆ. ಆ ಕಾಲಂ ಅನ್ನು ಮೊದಲೇ ಅಕ್ಷರರೂಪಕ್ಕೆ ಬದಲಿಸಿಕೊಳ್ಳಿ. ಸರಾಸರಿ ತೆಗೆಯುವ ಮೊದಲು ಲಾಗ್‌ಮಾರ್‌ಗೆ, ಅಂದರೆ ದೃಷ್ಟಿಯನ್ನು ಒಂದೇ ಅಂಕಿಯಲ್ಲಿ ಹೇಳುವ ಅಳತೆಗೆ, ಪರಿವರ್ತಿಸಿ: 6/6 ಸೊನ್ನೆ, 6/18 ಸುಮಾರು 0.48, 6/60 ಒಂದು. ಇನ್ನೊಂದು, 50 ಜನರ 100 ಕಣ್ಣು ಎಂದರೆ 100 ರೋಗಿಗಳಲ್ಲ. ಒಬ್ಬರ ಎರಡು ಕಣ್ಣುಗಳು ಒಂದನ್ನೊಂದು ಹೋಲುತ್ತವೆ, ಅವನ್ನು ಬೇರೆ ಬೇರೆ ಎಂದು ಎಣಿಸಿದರೆ ಲೆಕ್ಕವೇ ಸುಳ್ಳಾಗುತ್ತದೆ. ಒಬ್ಬರಿಂದ ಒಂದೇ ಕಣ್ಣು ತೆಗೆದುಕೊಳ್ಳಿ, ಇಲ್ಲವೇ ಅಂಕಿಅಂಶ ಬಲ್ಲವರನ್ನು ಮೊದಲೇ ಕೇಳಿ. ಸ್ನಾತಕೋತ್ತರ ಪ್ರಬಂಧಗಳಲ್ಲೂ ಈ ತಪ್ಪು ನೋಡಿ ನೋಡಿ ಸಾಕಾಗಿದೆ.

---

ವರದಾತೀರ ಬರೆದದ್ದು:

ಸರ್, ಅಕ್ಕ, ಎಲ್ಲರಿಗೂ ಧನ್ಯವಾದ. ಗೆಳತಿ ದುಡ್ಡು ಕಟ್ಟಿಲ್ಲ. ಒಪಿಡಿ ರಿಜಿಸ್ಟರ್ ನೋಡಿದೆ, ಹುಣ್ಣಿನ ಪ್ರಕರಣಗಳು ಸುಗ್ಗಿಯ ತಿಂಗಳುಗಳಲ್ಲಿ ಹೆಚ್ಚು, ಆದರೆ ಎರಡು ತಿಂಗಳಿಗೆ 100 ಆಗುವುದಿಲ್ಲ. ಒಂದು ಹಾಳೆ ಬರೆದುಕೊಂಡು ಹೋದೆ. ಮೇಡಂ ಒಬ್ಬರು ಓದಿ, ಪ್ರಶ್ನಾವಳಿ ತಾ ಎಂದಿದ್ದಾರೆ. ಕರಡು ಹೀಗಿದೆ, ದಯವಿಟ್ಟು ತಿದ್ದಿ:

1. ಕಣ್ಣಿಗೆ ಪೆಟ್ಟಾಗಿ ಎಷ್ಟು ದಿನವಾಯಿತು?
2. ಏನು ತಗುಲಿತು?
3. ಸ್ಟಿರಾಯ್ಡ್ ಹನಿ ಬಳಸಿದ್ದೀರಾ? ಹೌದು / ಇಲ್ಲ
4. ಆಸ್ಪತ್ರೆಗೆ ತಡವಾಗಿ ಬರಲು ಕಾರಣವೇನು?

---

ಸ್ಲಿಟ್‌ಲ್ಯಾಂಪ್ ಮೇಷ್ಟ್ರು ಉತ್ತರಿಸಿದ್ದು:

ಮೇಡಂ ಪ್ರಶ್ನಾವಳಿ ಕೇಳಿದರೆಂದರೆ ಅರ್ಧ ಕೆಲಸ ಆದಂತೆ. 100 ಸಿಗದಿದ್ದರೆ ಆ ಎರಡು ತಿಂಗಳಲ್ಲಿ ಬಂದವರೆಲ್ಲರನ್ನೂ ಸೇರಿಸಿಕೊಂಡು ವಿವರಣಾತ್ಮಕ ಅಧ್ಯಯನ ಎಂದೇ ಕರೆಯಿರಿ, ದೊಡ್ಡ ತೀರ್ಮಾನಕ್ಕೆ ಹೋಗಬೇಡಿ.

ಮೊದಲನೆಯದು: ದಿನಗಳ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ಸಂತೆ, ಅಮಾವಾಸ್ಯೆ, ಹಬ್ಬ ಹಿಡಿದು ಕೇಳಿ, "ಅಮಾವಾಸ್ಯೆಗಿಂತ ಮೊದಲೋ ಆಮೇಲೋ" ಎಂದು, ತಾರೀಖನ್ನು ನೀವು ಬರೆದುಕೊಳ್ಳಿ. ಎರಡನೆಯದು ಚೆನ್ನಾಗಿದೆ, ಯಾವ ಬೆಳೆ, ಯಾವ ಕೆಲಸ ಮಾಡುವಾಗ ಎಂಬುದನ್ನೂ ಸೇರಿಸಿ, ಕೊಯ್ಯುವಾಗಲೋ ಯಂತ್ರದಲ್ಲಿ ಕಾಳು ಬಿಡಿಸುವಾಗಲೋ. ಮೂರನೆಯದನ್ನು ಕಿತ್ತುಹಾಕಿ. ಯಾವ ರೈತನಿಗೆ ತಾನು ಹಾಕಿದ್ದು ಸ್ಟಿರಾಯ್ಡ್ ಎಂದು ಗೊತ್ತಿರುತ್ತದೆ? ಅದರ ಜಾಗದಲ್ಲಿ, ಮೊದಲು ಯಾರ ಬಳಿ ಹೋದಿರಿ, ಅವರು ಏನು ಕೊಟ್ಟರು, ಆಮೇಲೆ ಯಾರ ಬಳಿ, ಬಾಟಲಿ ಇದೆಯೇ. ಬಾಟಲಿಯ ಮೇಲಿನ ಹೆಸರನ್ನು ನೀವೇ ಓದಿ ಬರೆಯಿರಿ, ಬಾಟಲಿ ಇಲ್ಲದವರಿಗೆ "ತಿಳಿದುಬಂದಿಲ್ಲ" ಎಂಬ ಮನೆ ಬೇರೆಯೇ ಇರಲಿ, ಅದನ್ನು "ಇಲ್ಲ" ಎಂಬುದರೊಳಗೆ ತುರುಕಬೇಡಿ. ನಾಲ್ಕನೆಯದರಲ್ಲಿ "ತಡವಾಗಿ" ಎಂಬ ಮಾತು ತೆಗೆಯಿರಿ. ಅದು ಆರೋಪದಂತೆ ಕೇಳುತ್ತದೆ, ಆಮೇಲೆ ಬಾಟಲಿಯೂ ಹೊರಬರುವುದಿಲ್ಲ.

ತಿದ್ದಿದ ಪ್ರತಿಯನ್ನು ನೈತಿಕ ಸಮಿತಿಗೆ ಕೊಡುವ ಮೊದಲು ಇಲ್ಲಿ ಹಾಕಿ. ಬುಧವಾರ ನನಗೆ ಶಸ್ತ್ರಚಿಕಿತ್ಸೆಯ ದಿನ, ಗುರುವಾರ ನೋಡುತ್ತೇನೆ.